ಎರಡನೇ ಬಿಸಿ

ಹಂಚಿನಿಂದ ಆಗಷ್ಟೇ ಇಳಿದ ರೊಟ್ಟಿಯ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರುವುದಿಲ್ಲ. ತಟ್ಟೆಗೆ ಬಿದ್ದದ್ದೇ ತಡ, ಕೈ ಬಾಯಿ ಅವುಗಳ ಪಾಡಿಗೆ ಕೆಲಸ ಶುರುಮಾಡುತ್ತವೆ. ಅಭಿಪ್ರಾಯಗಳು ಹುಟ್ಟುವುದು ಅದು ಆರಿದ ಮೇಲೆ. ಆರಿದ್ದನ್ನು ಮತ್ತೆ ಬಿಸಿ ಮಾಡುವುದು ಹೇಗೆ ಅಂತ ನಾಲ್ಕು ಜನರ ನಡುವೆ ಕೇಳಿ ನೋಡಿ. ಅಲ್ಲಿಯವರೆಗೆ ತಣ್ಣಗೆ ಕೂತಿದ್ದವರೂ ಬಿಸಿಯಾಗುತ್ತಾರೆ.

ಕ್ಯಾಲಿಫೋರ್ನಿಯಾದ ನಮ್ಮ ಬೀದಿಯಲ್ಲಿ ಈ ಪ್ರಶ್ನೆ ಏಳುವುದು ಮೆಕ್ಸಿಕೋದವರ ರೊಟ್ಟಿಯಾದ ಟೋರ್ಟಿಯಾದ ನೆಪದಲ್ಲಿ. ಬೀದಿಯ ಆ ತುದಿಯಿಂದ ಅರ್ಧದವರೆಗೆ ಮೆಕ್ಸಿಕೋ ಮೂಲದವರು, ಅರ್ಧದಿಂದ ಈ ತುದಿಯವರೆಗೆ ನಮ್ಮಂಥವರು. ಎರಡೂ ಕಡೆಯವರ ಕೈಚೀಲದಿಂದ ಇಣುಕುವುದು ಅದೇ ಪ್ಲಾಸ್ಟಿಕ್ ಪೊಟ್ಟಣ. ಅವರಿಗೆ ಅದು ಊಟ, ನಮಗೆ ಚಪಾತಿಯ ಬದಲಿ. ಪರದೇಶಕ್ಕೆ ಬಂದ ಕನ್ನಡದ ಹುಡುಗನಿಗೆ ಸಾರು, ಪಲ್ಯ ಹೇಗೋ ಅಮ್ಮನಿಗೆ ಫೋನ್ ಮಾಡಿ ಕೇಳಿಕೊಂಡು ಒಲಿಯುತ್ತವೆ. ಚಪಾತಿ ಫೋನಿನಲ್ಲಿ ಒಲಿಯುವ ವಿದ್ಯೆಯಲ್ಲ. ಹಿಟ್ಟಿನ ಹದ ಹೇಳಲು ಅಮ್ಮಂದಿರಿಗೂ ಬಾಯಿ ಬರುವುದಿಲ್ಲ, ಅವರ ಬೆರಳಿಗಷ್ಟೇ ಗೊತ್ತು. ಹುಡುಗ ಸುಮ್ಮನೆ ಹೋಗಿ ಮೈದಾ ಟೋರ್ಟಿಯಾ ಕೊಂಡು ತರುತ್ತಾನೆ, ರಾತ್ರಿ ಫೋನಿನಲ್ಲಿ "ಚಪಾತಿ ತಿಂದೆ" ಅನ್ನುತ್ತಾನೆ. ಅಮ್ಮ ನಂಬುತ್ತಾಳೆ. ನಾಲ್ಕಾರು ವರ್ಷ ಕಳೆದರೆ ಅವನೂ ನಂಬುತ್ತಾನೆ.

ಈ ನೆಂಟಸ್ತಿಕೆ ಸಾಫ್ಟ್‌ವೇರಿನವರು ಹುಟ್ಟುಹಾಕಿದ್ದೇನೂ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜಾಬಿನಿಂದ ಒಂದಷ್ಟು ಗಂಡಸರು ಇಲ್ಲಿಗೆ ಬೇಸಾಯಕ್ಕೆಂದು ಬಂದರು. ಬಿಳಿಯರ ಹೆಣ್ಣು ತರಲು ಇಲ್ಲಿನ ಮದುವೆ ಕಾನೂನು ಬಿಡಲಿಲ್ಲ, ಊರಿನ ಹೆಣ್ಣು ಕರೆಸಲು ವಲಸೆ ಕಾನೂನು ಬಿಡಲಿಲ್ಲ. ಇಂಪೀರಿಯಲ್ ಕಣಿವೆಯ ಹತ್ತಿ ಹೊಲಗಳ ಸುತ್ತಮುತ್ತ ಇದ್ದ ಮೆಕ್ಸಿಕನ್ ಹೆಣ್ಣುಮಕ್ಕಳನ್ನೇ ಹಲವರು ಮದುವೆಯಾದರು. ಅವರ ಮನೆಗಳಲ್ಲಿ ರೋಟಿ, ಟೋರ್ಟಿಯಾ ಒಂದೇ ಒಲೆಯ ಮೇಲೆ ಬೆಂದವು. ಉತ್ತರದ ಯೂಬಾ ಸಿಟಿಯ ಒಂದು ಹೋಟೆಲಿನಲ್ಲಿ, 1993ರಲ್ಲಿ ಬಾಗಿಲು ಹಾಕುವವರೆಗೂ, ರೋಟಿಯೊಳಗೆ ಚೀಸ್ ತುಂಬಿದ 'ರೋಟಿ ಕೆಸಡಿಯಾ' ಸಿಗುತ್ತಿತ್ತು. ಆರಿದ್ದನ್ನು ಕಾಯಿಸಲು ತವೆ ಮೇಲೋ ಕೊಮಾಲ್ ಮೇಲೋ ಎಂಬ ಜಗಳ ಆ ಮನೆಗಳಲ್ಲಿ ನಡೆದೇ ಇರಬೇಕು. ಎರಡೂ ಅದೇ ಕಬ್ಬಿಣದ ಹಂಚು ಎಂಬ ಸಣ್ಣ ಕಾರಣಕ್ಕೆಲ್ಲ ಗಂಡ ಹೆಂಡಿರ ಜಗಳ ನಿಲ್ಲುವುದಿಲ್ಲ.

ನಮ್ಮ ಮನೆಯಲ್ಲೂ ನಿಂತಿಲ್ಲ. ಇಲ್ಲಿ ಮೂರು ಪಕ್ಷಗಳಿವೆ. ನನ್ನ ಹೆಂಡತಿ ಮೈಸೂರಿನವಳು, ಮೈಕ್ರೋವೇವ್ ಪಕ್ಷ. ಆರು ತಿಂಗಳಿಗೆಂದು ಬಾಗಲಕೋಟೆಯಿಂದ ಬಂದಿರುವ ನಮ್ಮವ್ವ ಹಂಚಿನ ಪಕ್ಷ. ನಾನು ಗ್ಯಾಸಿನ ಉರಿಯ ಮೇಲೇ ಸುಡುವ ಪಕ್ಷ. ಅದರ ಅಧ್ಯಕ್ಷನೂ ನಾನೇ, ಸದಸ್ಯನೂ ನಾನೇ. ಮಗಳು ತಣ್ಣಗಿರುವುದನ್ನೇ ಸುತ್ತಿಕೊಂಡು ತಿನ್ನುತ್ತಾಳೆ. ಅವಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಹಿಂದಿನ ದಿನದ ಪಿಜ್ಜಾವನ್ನೂ ಫ್ರಿಜ್ ಬಾಗಿಲು ಹಾಕುವ ಮೊದಲೇ ತಿಂದು ಮುಗಿಸುವವಳು.

ಮೈಕ್ರೋವೇವಿನವರದು ಸಮಯದ ವಾದ. ನಾಲ್ಕೈದು ಟೋರ್ಟಿಯಾಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಗುಂಡಿ ಒತ್ತಿದರೆ 40 ಸೆಕೆಂಡಿನಲ್ಲಿ ಕೆಲಸ ಮುಗಿಯಿತು. "ನೋಡ್ರೀ, ಎಷ್ಟು ಮೆತ್ತಗಿದೆ" ಅಂತ ನನ್ನವಳು ಮೇಲಿನದನ್ನು ಎತ್ತಿ ನಾಲ್ಕು ಮಡಿಕೆ ಮಾಡಿ ತೋರಿಸುತ್ತಾಳೆ. ಮೆತ್ತಗಿರುವುದು ನಿಜ, ಅದಕ್ಕೆ ಆಯುಷ್ಯವಿಲ್ಲ ಅನ್ನುವುದೂ ಅಷ್ಟೇ ನಿಜ. ಬಟ್ಟೆ ಬಿಚ್ಚಿಟ್ಟು ಒಂದು ಫೋನ್ ಕರೆ ಮುಗಿಸಿ ಬನ್ನಿ, ಅದೇ ಟೋರ್ಟಿಯಾ ಹಲ್ಲಿನ ಜೊತೆ ಹಗ್ಗಜಗ್ಗಾಟಕ್ಕೆ ನಿಲ್ಲುತ್ತದೆ. 1945ರಲ್ಲಿ ರೇಡಾರಿನ ಮ್ಯಾಗ್ನೆಟ್ರಾನ್ ಪಕ್ಕ ನಿಂತಿದ್ದ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರನ ಜೇಬಿನಲ್ಲಿ ಚಾಕೊಲೇಟ್ ಕರಗಿ, ಅದರಿಂದ ಈ ಒಲೆ ಹುಟ್ಟಿತು ಅನ್ನುತ್ತಾರೆ. ಅವನ ಜೇಬಿನಲ್ಲಿ ಮೆಕ್ಕೆಜೋಳದ ಟೋರ್ಟಿಯಾ ಇದ್ದಿದ್ದರೆ ಐದು ನಿಮಿಷ ಕಾದು, ಒಂದು ತುತ್ತು ಕಡಿದು, ಶೋಧವನ್ನು ಅಲ್ಲಿಗೇ ಕೈಬಿಡುತ್ತಿದ್ದನೋ ಏನೋ.

ಇದೆಲ್ಲ ನೀರಿನ ವ್ಯವಹಾರ. 100 ಗ್ರಾಂ ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಹೆಚ್ಚುಕಡಿಮೆ 45 ಗ್ರಾಂ ನೀರೇ ಇರುತ್ತದೆ. ಮೊದಲ ಸಲ ಬೇಯುವಾಗ ಪಿಷ್ಟ ಆ ನೀರು ಕುಡಿದು, ಉಬ್ಬಿ, ಸಡಿಲವಾಗುತ್ತದೆ. ಆರುತ್ತಾ ಬಂದಂತೆ, ಮೇಷ್ಟ್ರ ಚಪ್ಪಲಿ ಸದ್ದು ಕೇಳಿದ ಹುಡುಗರ ಹಾಗೆ, ಅದರ ಎಳೆಗಳು ಮತ್ತೆ ಸಾಲುಗಟ್ಟಿ ಕೂರುತ್ತವೆ, ರೊಟ್ಟಿ ಬಿರುಸಾಗುತ್ತದೆ. ಇದು ಎಲ್ಲಕ್ಕಿಂತ ಬೇಗ ನಡೆಯುವುದು ಫ್ರಿಜ್‌ನ ಹದವಾದ ತಂಪಿನಲ್ಲಿ. ಫ್ರೀಜರಿನಲ್ಲಿ ಅಲ್ಲ, ಹೊರಗೂ ಅಲ್ಲ. ಹೊರಗಿಟ್ಟರೆ ಬೂಷ್ಟು, ಒಳಗಿಟ್ಟರೆ ಬಿರುಸು. 60 ಡಿಗ್ರಿ ದಾಟುವಂತೆ ಮತ್ತೆ ಕಾಯಿಸಿದರೆ ಆ ಸಾಲು ಒಡೆದು ಮೆತ್ತಗಾಗುತ್ತದೆ, ನೀರು ಇನ್ನೂ ಒಳಗೇ ಉಳಿದಿದ್ದರೆ. ಮೈಕ್ರೋವೇವ್ ಹಿಡಿಯುವುದು ಮೊದಲು ಆ ನೀರನ್ನೇ. ಅದನ್ನು ಆವಿ ಮಾಡಿ ಓಡಿಸುವ ಅದರ ಚಪಲವನ್ನು ತಡೆಯಲು ಒದ್ದೆ ಬಟ್ಟೆ. ಮೈದಾದ ಟೋರ್ಟಿಯಾಕ್ಕೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ಮೆಕ್ಸಿಕೋದ ಉತ್ತರದ ಸೊನೋರಾ, ಚಿವಾವಾ ಕಡೆಯ ಆ ಜಾತಿಗೆ ಹಿಟ್ಟು ಕಲಸುವಾಗಲೇ ಹಂದಿ ಕೊಬ್ಬೋ ಎಣ್ಣೆಯೋ ಬಿದ್ದಿರುತ್ತದೆ, ಸುಲಭಕ್ಕೆ ಬಿರುಸಾಗದು. (ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದದೆ ಕೊಳ್ಳುವ ಸಸ್ಯಾಹಾರಿಗಳು ಈ ವಾಕ್ಯವನ್ನು ಮರೆತುಬಿಡುವುದು ಒಳ್ಳೆಯದು.)

ಇನ್ನು ನನ್ನ ಪಕ್ಷ. ಉರಿಯ ಮೇಲೆ ಸುಡುವವನಿಗೆ ಇಕ್ಕಳ ಹಿಡಿದು ನಿಂತೇ ಇರುವ ವ್ಯವಧಾನ ಬೇಕು. ಒಂದು ಬದಿಗೆ ಹತ್ತು ಸೆಕೆಂಡು, ಹೆಚ್ಚೆಂದರೆ ಹದಿನೈದು. ಮೊದಲು ಅಂಚು ಕೆಂಪಗಾಗುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ, ಅಷ್ಟರಲ್ಲಿ ಮಧ್ಯೆ ಒಂದು ಗುಳ್ಳೆ ಮೆಲ್ಲಗೆ ತಲೆ ಎತ್ತುತ್ತದೆ. ಅದು ಒಡೆಯುವ ಮೊದಲು ತಿರುವಿ ಹಾಕಬೇಕು. ಆಗ ಏಳುವ ವಾಸನೆ ಗೋವಿನಜೋಳದ ತೆನೆ ಸುಡುವ ವಾಸನೆಯೇ. ಜೊತೆಗೆ ಏಳುವ ಹೊಗೆಯದು ಬೇರೆ ಕಥೆ. ಅಮೆರಿಕದ ಮನೆ ಕಟ್ಟಿದವರಿಗೆ ಮುಂದೆ ಇಲ್ಲಿ ರೊಟ್ಟಿ ಸುಡುವ ಜನ ಬಂದು ಸೇರುತ್ತಾರೆ ಅಂತ ಯಾರೂ ಹೇಳಿರಲಿಲ್ಲ. ಅಡುಗೆಮನೆಗೆ ನಾಲ್ಕು ಹೆಜ್ಜೆ ದೂರದಲ್ಲೇ ಹೊಗೆ ಅಲಾರಂ. ನಮ್ಮ ಬೀದಿಯಲ್ಲಿ ಸಂಜೆ ಏಳರ ಹೊತ್ತಿಗೆ ಅದು ಕೂಗಿಕೊಂಡರೆ ಯಾರೂ ಗಾಬರಿಯಾಗಿ ಹೊರಗೆ ಓಡಿ ಬರುವುದಿಲ್ಲ, ಯಾರ ಮನೆಯಲ್ಲೋ ಎಲೆ ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಒಬ್ಬರು ಸುಡುವುದು, ಇನ್ನೊಬ್ಬರು ಕುರ್ಚಿ ಹತ್ತಿ ಟವೆಲ್ ಬೀಸುವುದು. ದಾಂಪತ್ಯಕ್ಕೆ ಇಂಥ ಜಂಟಿ ಕೆಲಸ ಒಳ್ಳೆಯದು ಅಂತ ನಾನು ಹೇಳಿದರೆ, ಯಾವಾಗಲೂ ಕುರ್ಚಿ ಹತ್ತುವವಳ ಅಭಿಪ್ರಾಯ ಬೇರೆ ಇರುತ್ತದೆ. ಕರೆಂಟ್ ಒಲೆಯವರಿಗೆ ಉರಿಯ ಭಾಗ್ಯವೇ ಇಲ್ಲ. ಅವರ ಪಾಲಿಗೆ ಇರುವುದು ಹಿಡಿ ಇರುವ ತಂತಿಯ ಜಾಲರಿ. ನಮ್ಮವರ ಅಂಗಡಿಯಲ್ಲಿ ಫುಲ್ಕಾ ಉಬ್ಬಿಸಲು ಮಾರುವ ಆ ಜಾಲರಿಯನ್ನು ಆ ತುದಿಯ ಹೆಂಗಸರೂ ಕೊಂಡೊಯ್ಯುವುದನ್ನು ನೋಡಿದ್ದೇನೆ.

ಈಗ ನಮ್ಮವ್ವನ ಪಕ್ಷಕ್ಕೆ ಬರೋಣ. ಬಲ ಅಲ್ಲೇ ಹೆಚ್ಚು, ಏಕೆಂದರೆ ಪಕ್ಕದ ಮನೆಯ ಅಜ್ಜಿಯೂ ಅದೇ ಪಕ್ಷ. ಅವರು ದಕ್ಷಿಣ ಮೆಕ್ಸಿಕೋದ ಓಹಾಕಾದವರು. ನಮ್ಮವ್ವನಿಗೆ ಸ್ಪ್ಯಾನಿಷ್ ಬಾರದು, ಅಜ್ಜಿಗೆ ಕನ್ನಡ ಬಾರದು, ಇಬ್ಬರಿಗೂ ಇಂಗ್ಲಿಷ್ ಬೇಡ. ನಡುವೆ ಅಜ್ಜಿಯ ಸೊಸೆ ಮತ್ತು ನಾನು ಸೇರಿ ಎರಡು ಸಲ ಅನುವಾದ ಮಾಡಿ ಮುಟ್ಟಿಸುವಷ್ಟರಲ್ಲಿ ರೊಟ್ಟಿ ಆರುತ್ತದೆ ಅಂತ ಈಗೀಗ ಅವರು ನಮ್ಮನ್ನು ಕಾಯುವುದನ್ನೇ ಬಿಟ್ಟಿದ್ದಾರೆ. ಹಂಚು ಚೆನ್ನಾಗಿ ಕಾದಿರಬೇಕು ಅನ್ನುವುದು ಇಬ್ಬರ ಮೊದಲ ಮಾತು. ಮಂದ ಉರಿಯಲ್ಲಿ ಇಟ್ಟುಕೊಂಡು ಕೂತರೆ ಟೋರ್ಟಿಯಾ ಬಿಸಿಯಾಗುವ ಮೊದಲೇ ಒಣಗುತ್ತದೆ. ತೀರಾ ಬಿರುಸಾಗಿದ್ದರೆ ಕೈ ಅದ್ದಿ ಮೇಲೊಂದಿಷ್ಟು ನೀರು ಸವರುತ್ತಾರೆ. ಜೋಳದ ರೊಟ್ಟಿಗೆ ಹಂಚಿನ ಮೇಲೆ ನೀರು ಸವರಿ ಅಭ್ಯಾಸವಿದ್ದ ನಮ್ಮವ್ವನಿಗೆ ಇದು ಹೊಸದೇನೂ ಅಲ್ಲ. ಹೊಸದಾಗಿ ಕಂಡದ್ದು ಅಜ್ಜಿಯ ಬೆರಳು. ಇಕ್ಕಳವಿಲ್ಲ, ಸಟ್ಟುಗವಿಲ್ಲ. ಮೂರು ಬೆರಳ ತುದಿಯನ್ನು ಟೋರ್ಟಿಯಾದ ಮೇಲಿಟ್ಟು ಪಕ್ಕಕ್ಕೆ ಒಂದಿಷ್ಟು ಜಾರಿಸುತ್ತಾರೆ. ಅಂಚು ಹಂಚಿನಾಚೆಗೆ ಒಂದು ನೂಲಿನಷ್ಟು ಬಂದಿತೋ ಇಲ್ಲವೋ, ಹೆಬ್ಬೆರಳು ಕೆಳಗೆ ಹೋಗಿ ಅದನ್ನು ಹಿಡಿದಿರುತ್ತದೆ, ಟೋರ್ಟಿಯಾ ಮಗುಚಿ ಬಿದ್ದಿರುತ್ತದೆ. ಕಬ್ಬಿಣಕ್ಕೆ ಬೆರಳು ತಾಗುವುದೇ ಇಲ್ಲ. ಸ್ವಲ್ಪ ಹೊತ್ತು ನೋಡಿದ ನಮ್ಮವ್ವ, "ಕೈ ಪಳಗೇತಿ" ಅಂದಳು. ಬಾಗಲಕೋಟೆಯಲ್ಲಿ ಮೂವರು ಸೊಸೆಯರಿದ್ದಾರೆ, ಅವರಾರಿಗೂ ಈ ಸರ್ಟಿಫಿಕೇಟು ಸಿಕ್ಕಿಲ್ಲ.

ಹುಡುಗಿ ಹಾಕಿದ ಟೋರ್ಟಿಯಾ ಹಂಚಿನ ಮೇಲೆ ಉಬ್ಬಿದರೆ 'ಇನ್ನು ನೀನು ಮದುವೆಯಾಗಬಹುದು' ಅನ್ನುವ ಮಾತು ಮೆಕ್ಸಿಕೋದಲ್ಲಿ ಇದೆ. ಸೊಸೆ ಹೇಳಿದ್ದನ್ನು ನಾನು ನಮ್ಮವ್ವನಿಗೆ ದಾಟಿಸಿದೆ. "ನಮ್ಮ ಕಡೆ ಉಬ್ಬಲಿಲ್ಲಂದ್ರೂ ಮಾಡಿ ಕೊಡ್ತಾರಪ್ಪ. ನನ್ನ ಕೊಟ್ಟಿಲ್ಲೇನು?" ಅಂದಳು. ಇದನ್ನು ಇಂಗ್ಲಿಷಿಗೆ ತಂದು ಸ್ಪ್ಯಾನಿಷಿಗೆ ಕಳಿಸುವಷ್ಟರಲ್ಲಿ, ಅವಳ ಮುಖ ನೋಡಿಯೇ ಅಜ್ಜಿ ನಗುತ್ತಿದ್ದರು.

ಅಜ್ಜಿಯ ಬಳಿ ಊರಿನಿಂದ ಹೊತ್ತು ತಂದ ಮಣ್ಣಿನ ಕೊಮಾಲ್ ಕೂಡ ಇದೆ. ಹಬ್ಬಕ್ಕೆ ಮಾತ್ರ ಹೊರಗೆ ತೆಗೆಯುತ್ತಾರೆ. ಅದರ ಮೈಗೆ ಮೊದಲು ಸುಣ್ಣದ ನೀರು ಬಳಿಯುವುದು, ಹಿಟ್ಟು ಅಂಟದಿರಲಿ ಅಂತ. ಸುಣ್ಣ ಕಂಡದ್ದೇ ನಮ್ಮವ್ವ ಎಲೆಯಡಿಕೆ ಚೀಲ ಹುಡುಕಿದಳು. ಆದರೆ ಟೋರ್ಟಿಯಾಕ್ಕೂ ಸುಣ್ಣಕ್ಕೂ ಇರುವ ನಂಟು ಹಂಚಿಗಿಂತ ಹಿಂದಿನದು. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಒಣಗಿದ್ದು ಒಣಗಿದಂತೆ ಬೀಸುವುದಿಲ್ಲ. ಒಂದು ಕಿಲೋ ಕಾಳಿಗೆ 10 ಗ್ರಾಮಿನಷ್ಟು ಸುಣ್ಣ ಹಾಕಿದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಆಮೇಲೆ ರುಬ್ಬುತ್ತಾರೆ. ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ, ಕಾಳಿನಲ್ಲಿ ಸಿಕ್ಕಿಕೊಂಡಿದ್ದ ನಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವಂತಾಗುತ್ತದೆ. ಮಡಚಿದರೆ ಮುರಿಯದೆ, ಎರಡನೇ ಬಿಸಿಗೂ ಬಗ್ಗುವ ಗುಣ ಟೋರ್ಟಿಯಾಕ್ಕೆ ಬಂದಿರುವುದು ಇಲ್ಲಿಂದಲೇ. ಯುರೋಪಿನವರು ಬೆಳೆಯನ್ನು ಒಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟು ಹೋದರು. ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಮೆಕ್ಕೆಜೋಳವನ್ನೇ ನಂಬಿದ ಬಡವರಿಗೆ ನಯಾಸಿನ್ ಕೊರತೆಯ ಕಾಯಿಲೆ ಪೆಲ್ಲಾಗ್ರ ಹಿಡಿಯಿತು. ನಮ್ಮ ದಖನ್ನಿನಲ್ಲಿ ಬಿಳಿಜೋಳ ಬಿಟ್ಟರೆ ಬೇರೇನೂ ಸಿಗದವರಲ್ಲೂ ಅದೇ ಕಾಯಿಲೆ ಇತ್ತು, ಹೈದರಾಬಾದಿನ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಅದರ ಬೆನ್ನು ಹತ್ತಿದ್ದರು. ಇದನ್ನು ಜೋಳದ ಪರಮ ಅಭಿಮಾನಿಯಾದ ನಮ್ಮವ್ವನಿಗೆ ನಾನು ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ. ಗೋವಿನಜೋಳದ ಬಗ್ಗೆ ಮಾತ್ರ ಅವಳ ನಿಲುವು ಸ್ಪಷ್ಟ. ದಾವಣಗೆರೆ, ಹಾವೇರಿ ಕಡೆ ಲಾರಿಗಟ್ಟಲೆ ಬೆಳೆದು ಹೆಚ್ಚಿನದನ್ನು ಕೋಳಿ ಮೇವಿಗೆ ಕಳಿಸುವುದನ್ನು ಕಂಡವಳು, ಇಲ್ಲಿ ಅದನ್ನು ಬುಟ್ಟಿಯಲ್ಲಿಟ್ಟು ಮರ್ಯಾದೆಯಿಂದ ಬಡಿಸಿದಾಗ, "ಕೋಳಿ ಏನ್ ತಿಂತಾವೋ ಹಂಗಾದ್ರ?" ಅಂತ ಕೇಳಿದ್ದಳು.

ಈ ಕಾಳು ನಮ್ಮಲ್ಲಿಗೆ ಬಂದದ್ದು ಯಾವಾಗ ಅನ್ನುವುದಕ್ಕೂ ಒಂದು ತಕರಾರಿದೆ, ಅದೂ ನಮ್ಮ ಸೋಮನಾಥಪುರದಲ್ಲಿ. ಅಲ್ಲಿನ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೇ ಅಂತ ಆರೆಗಾನಿನ ಭೂಗೋಳ ಪ್ರಾಧ್ಯಾಪಕ ಕಾರ್ಲ್ ಜೊಹಾನೆಸನ್ 1989ರಲ್ಲಿ ಬರೆದರು. ಹದಿಮೂರನೆಯ ಶತಮಾನದ ಗುಡಿ ಅದು, ಕೊಲಂಬಸ್ ಹುಟ್ಟುವುದಕ್ಕೂ ಎಷ್ಟೋ ಮುಂಚಿನದು. ಅದು ತೆನೆಯಲ್ಲ, ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು, ಮುಕ್ತಾಫಲ ಅಂತ ನಮ್ಮ ವಿಜ್ಞಾನಿಗಳು 1993ರಲ್ಲಿ ಉತ್ತರ ಕೊಟ್ಟರು. ನನಗೆ ಎರಡನೆಯವರ ಮಾತೇ ಸರಿ ಅನ್ನಿಸುತ್ತದೆ. ತೆನೆಯನ್ನು ಅಷ್ಟು ಮುದ್ದಾಗಿ ಕೆತ್ತಿದ ಹೊಯ್ಸಳರು ಪಕ್ಕದಲ್ಲಿ ಒಂದು ಹಂಚನ್ನೂ ಕೆತ್ತದೆ ಬಿಡುತ್ತಿದ್ದರೇ?

ನಾಲ್ಕನೆಯ ದಾರಿ ಹಬೆಯದು. ಮನೆ ತುಂಬ ನೆಂಟರಿದ್ದಾಗ ಮೂರೂ ಪಕ್ಷಗಳು ಕೈಚೆಲ್ಲಿ ಇದಕ್ಕೆ ಶರಣಾಗುತ್ತವೆ. ದಪ್ಪ ಬಟ್ಟೆಯಲ್ಲಿ ಒಂದು ಡಜನ್ ಟೋರ್ಟಿಯಾ ಸುತ್ತಿ, ಕುದಿಯುವ ನೀರಿನ ಮೇಲೆ ಒಂದು ನಿಮಿಷ ಇಟ್ಟು, ಒಲೆ ಆರಿಸಿ, ಮುಚ್ಚಳ ತೆಗೆಯದೆ ಕಾಲು ಗಂಟೆ ಬಿಡುವುದು. ಮೈಸೂರಿನಿಂದ ಬಂದ ನಮ್ಮ ಇಡ್ಲಿ ಪಾತ್ರೆ ಈ ಕೆಲಸಕ್ಕೆಂದೇ ಹುಟ್ಟಿದೆಯೋ ಅನ್ನುವಷ್ಟು ಸರಿಯಾಗಿ ಒದಗುತ್ತದೆ. ತಟ್ಟೆಗಳನ್ನು ತೆಗೆದು ತಳಕ್ಕೆ ಒಂದು ಬಟ್ಟಲು ಬೋರಲು ಹಾಕಿದರಾಯಿತು. ಇಲ್ಲಿ ಶಾಖಕ್ಕಿಂತ ದೊಡ್ಡ ಕೆಲಸ ಬಟ್ಟೆಯದು. ಬಟ್ಟೆ ಇಲ್ಲದಿದ್ದರೆ ಮುಚ್ಚಳದ ಹನಿ ಸುರಿದು ಟೋರ್ಟಿಯಾ ಅಂಟಂಟಾಗುತ್ತದೆ. ಹದಿನಾರನೆಯ ಶತಮಾನದಲ್ಲಿ ಅಜ್ಟೆಕರ ಬದುಕನ್ನು ಬರೆದಿಟ್ಟ ಪಾದ್ರಿ ಬೆರ್ನಾರ್ದಿನೊ ದೆ ಸಾಹಗುನ್, ದೊರೆಯ ಊಟಕ್ಕೆ ಬಿಸಿ ಬಿಸಿ ಟೋರ್ಟಿಯಾಗಳನ್ನು ಮಡಚಿ ಬುಟ್ಟಿಯಲ್ಲಿಟ್ಟು ಬಿಳಿ ಬಟ್ಟೆ ಮುಚ್ಚುತ್ತಿದ್ದ ಸಂಗತಿ ಹೇಳುತ್ತಾನೆ. ಈಗಲೂ ಅದೇ ಬುಟ್ಟಿ, ಅಂಚಿಗೆ ಹೂವಿನ ಕಸೂತಿ ಹಾಕಿದ ಅದೇ ಬಟ್ಟೆ. ಟ್ಲಸ್ಕಾಲಾ ರಾಜ್ಯದ ಸಾನ್ ವಿಸೆಂತೆ ಶಿಲೋಶೊಚಿಟ್ಲಾ ಎಂಬ ಹಳ್ಳಿಯವರಂತೂ (ಈ ಹೆಸರನ್ನು ಟೋರ್ಟಿಯಾ ಬಾಯಲ್ಲಿಟ್ಟುಕೊಂಡು ಹೇಳಬಾರದು) ಬುಟ್ಟಿಯನ್ನೇ ಒಲೆ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ, ಬಟ್ಟೆ ಹಾಸಿ, ಆಲೂಗಡ್ಡೆಯೋ ಬೀನ್ಸೋ ತುಂಬಿದ ಟಾಕೋಗಳನ್ನು ಸಾಲಾಗಿ ಜೋಡಿಸಿ, ಮೇಲೆ ಕಾದ ಎಣ್ಣೆ ಸುರಿದು ಮುಚ್ಚುತ್ತಾರೆ. ಸೈಕಲ್ ಮೇಲೆ ಪೇಟೆಗೆ ಒಯ್ದು ಮಧ್ಯಾಹ್ನದವರೆಗೂ ಬಿಸಿಯಾಗಿಯೇ ಮಾರುತ್ತಾರೆ. ಒಲೆಯಿಲ್ಲ, ಕರೆಂಟಿಲ್ಲ, ಅಲಾರಮ್ಮಿಲ್ಲ.

ಓವನ್ನಿನ ದಾರಿಯೂ ಇದೆ: ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ 175 ಡಿಗ್ರಿಯಲ್ಲಿ ಹದಿನೈದು ನಿಮಿಷ. ಎರಡು ಟೋರ್ಟಿಯಾಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ ಕಾಯಿಸುವವರ ಕರೆಂಟ್ ಬಿಲ್ಲಿನ ಬಗ್ಗೆ ನಾನು ಮಾತಾಡುವುದಿಲ್ಲ. ಬ್ರೆಡ್ ಟೋಸ್ಟರಿಗೆ ಮಡಚಿ ತುರುಕುವವರ ಬಗ್ಗೆಯೂ ಅಷ್ಟೇ.

ಟೋರ್ಟಿಯಾ ಭೂಮಿ ಬಿಟ್ಟು ಹೋದ ಕಥೆಗೆ ಮಾತ್ರ ಒಂದು ಕ್ಷಣ ನಿಲ್ಲಬೇಕು. 1985ರ ನವೆಂಬರಿನಲ್ಲಿ ಮೆಕ್ಸಿಕೋದ ಮೊದಲ ಗಗನಯಾತ್ರಿ ರೊಡೋಲ್ಫೊ ನೇರಿ ವೇಲಾ ಅಟ್ಲಾಂಟಿಸ್ ನೌಕೆಗೆ ಟೋರ್ಟಿಯಾ ಬೇಕೆಂದು ಕೇಳಿ ಒಯ್ದರು. ಬ್ರೆಡ್ಡಿನ ಪುಡಿ ತೂಕವಿಲ್ಲದ ಜಾಗದಲ್ಲಿ ತೇಲಿ ಕಣ್ಣಿಗೆ, ಯಂತ್ರಕ್ಕೆ ಹೊಕ್ಕು ಕಾಡುತ್ತಿತ್ತು; ಟೋರ್ಟಿಯಾ ಪುಡಿ ಉದುರಿಸುವುದಿಲ್ಲ. ಅಂದಿನಿಂದ ಅದು ಬಾಹ್ಯಾಕಾಶದ ಕಾಯಂ ಊಟವಾಯಿತು. ಅದಕ್ಕೂ ಒಂದು ವರ್ಷ ಮೊದಲು, 1984ರಲ್ಲಿ, ರಾಕೇಶ್ ಶರ್ಮಾ ಒಯ್ದ ತಿನಿಸು ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯದ್ದು. ತಿಂಗಳುಗಟ್ಟಲೆ ಕೆಡದ ಚಪಾತಿ ಮಾಡಿದ ಪ್ರಯೋಗಾಲಯವೂ ಅದೇ. ತವರಿನ ಈ ಸಾಧನೆಯನ್ನು ನನ್ನವಳು ಮೈಕ್ರೋವೇವಿನ ಪರವಾದ ಸಾಕ್ಷ್ಯವಾಗಿ ಬಳಸುತ್ತಾಳೆ. ಎರಡಕ್ಕೂ ಸಂಬಂಧವೇನು ಅಂತ ಕೇಳಿದರೆ, "ಎಲ್ಲ ಸೈನ್ಸೇ ಅಲ್ವೇನ್ರೀ" ಅನ್ನುತ್ತಾಳೆ.

ಮೆಕ್ಸಿಕೋದವರನ್ನೇ ಕೇಳಿದರೆ, ಎಲ್ಲಕ್ಕಿಂತ ಒಳ್ಳೆಯ ದಾರಿ ಬಿಸಿ ಮಾಡುವ ಪ್ರಮೇಯವೇ ಬರದಂತೆ ನೋಡಿಕೊಳ್ಳುವುದು. ಅಲ್ಲಿ ಓಣಿಗೊಂದು ಟೋರ್ಟಿಯೆರಿಯಾ. ಕಿರ್ ಕಿರ್ ಅನ್ನುವ ಯಂತ್ರ, ಪಟ್ಟಿಯ ಮೇಲೆ ಸಾಲಾಗಿ ಉಬ್ಬುತ್ತಾ ಬರುವ ಟೋರ್ಟಿಯಾಗಳು, ಮಧ್ಯಾಹ್ನ ಊಟದ ಹೊತ್ತಿಗೆ ಮನೆಯಿಂದ ಬಟ್ಟೆ ತಂದು ಸರದಿ ನಿಂತ ಜನ. ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಜೊತೆಗೆ ಬಂದ ಮಗುವಿಗೆ ಒಂದು ಟೋರ್ಟಿಯಾ ಎತ್ತಿ, ಮೇಲೆ ಚಿಟಿಕೆ ಉಪ್ಪು ಉದುರಿಸಿ, ಅಂಗೈಯಲ್ಲಿ ಸುರುಳಿ ಸುತ್ತಿ ಕೈಗಿಡುವುದೂ ಉಂಟು. ಅದಕ್ಕೆ ಪಲ್ಯ ಬೇಡ, ಚಟ್ನಿ ಬೇಡ. ನನ್ನನ್ನು ಕೇಳಿದರೆ ಟೋರ್ಟಿಯಾದ ರುಚಿ ಪೂರ್ತಿ ಗೊತ್ತಾಗುವುದು ಅಲ್ಲಿ, ಸರದಿ ಸಾಲಿನಲ್ಲಿ, ಆ ಉಪ್ಪಿನ ಸುರುಳಿಯಲ್ಲಿ.

ಇನ್ನೊಂದು ತುದಿಯ ಉಪಾಯ ನೀರನ್ನೇ ಪೂರ್ತಿ ಓಡಿಸಿಬಿಡುವುದು. ನಮ್ಮ ಉತ್ತರ ಕರ್ನಾಟಕದವರು ಖಡಕ್ ರೊಟ್ಟಿ ಮಾಡಿ ಎರಡನೇ ಬಿಸಿಯ ತಂಟೆಯನ್ನೇ ಕಳೆದುಕೊಂಡವರು. ಓಹಾಕಾದ ತೆವಾಂತೆಪೆಕ್ ಕಡೆಯ ಹೆಂಗಸರೂ ಅಷ್ಟೇ ಜಾಣೆಯರು. ಬೆರಳಿನಿಂದ ತೂತು ಮಾಡಿದ ಟೋರ್ಟಿಯಾಗಳನ್ನು ಮಣ್ಣಿನ ಒಲೆಯ ಒಳಗೋಡೆಗೆ ಬಡಿದು ಗರಿಗರಿಯಾಗಿಸಿ ತೊತೊಪೊ ಮಾಡುತ್ತಾರೆ. ವಾರಗಟ್ಟಲೆ ಇಟ್ಟರೂ ಹಾಳಾಗದು. ಪಕ್ಕದ ಅಜ್ಜಿ ಒಂದು ಪೊಟ್ಟಣ ಕೊಟ್ಟಾಗ ನಮ್ಮವ್ವ ಅದನ್ನು ಶೇಂಗಾ ಚಟ್ನಿ, ಮೊಸರಿನ ಜೊತೆ ತಿಂದು, ಇವರು ನಮ್ಮ ಪೈಕಿಯೇ ಅಂತ ತೀರ್ಮಾನ ಮಾಡಿದಳು.

ಮೊನ್ನೆ ಭಾನುವಾರ ಅಜ್ಜಿ ಚಿಲಾಕಿಲೆಸ್ ಮಾಡಿ ಕಳಿಸಿದ್ದರು. ಟೋರ್ಟಿಯಾ ಚೂರುಗಳನ್ನು ಎಣ್ಣೆಯಲ್ಲಿ ಕರಿದು, ಹಸಿಮೆಣಸಿನಕಾಯಿಯ ಖಾರದ ಗೊಜ್ಜಿನಲ್ಲಿ ಒಂದು ಕುದಿ ಬರಿಸಿ, ಮೇಲೆ ಚೀಸು, ಈರುಳ್ಳಿ. ಮೂರು ಪಕ್ಷಗಳೂ ಮಾತಿಲ್ಲದೆ ತಿಂದವು, ಮಗಳು ಎರಡನೇ ಸಲ ಹಾಕಿಸಿಕೊಂಡಳು. ಪಾತ್ರೆ ತಿರುಗಿಸಿ ಕೊಡಲು ಹೋದಾಗ ಹೇಗೆ ಮಾಡುವುದು ಅಂತ ಕೇಳಿದರೆ, ಅಜ್ಜಿ ಮೊದಲು ಹೇಳಿದ್ದು ಇಷ್ಟು: ಟೋರ್ಟಿಯಾ ಹೊಸದಿರಬಾರದು, ಬಿಸಿಯೂ ಇರಬಾರದು; ಹಳತಾಗಿ, ಬಿರುಸಾಗಿ, ಒಣಗಿರಬೇಕು. ಹಸಿ ಇದ್ದರೆ ಎಣ್ಣೆ ಕುಡಿಯುತ್ತದೆ.

ನಾನು ಬಂದು ಹೇಳಿದ್ದನ್ನು ನಮ್ಮವ್ವ ಪೂರ್ತಿ ಕೇಳಿಸಿಕೊಂಡಳು. "ಹಂಗಾರ ಇಷ್ಟ ದಿನಾ ಬಿಸಿ ಮಾಡಿ ಮಾಡಿ ಎಲ್ಲಾ ಕೆಡಿಸೀವಿ ಅಂದಂಗಾತು" ಅಂದಳು.

"ಯೋಚನೆ ಮಾಡ್ಬೇಡಿ ಅತ್ತೆ" ಅಂದಳು ನನ್ನವಳು, ಪಾತ್ರೆ ಒರೆಸುತ್ತಾ. "ನಾನು ಮೈಕ್ರೋವೇವ್‌ನಲ್ಲಿಟ್ಟು ಕೊಡ್ತೀನಿ. ಐದೇ ನಿಮಿಷಕ್ಕೆ ನೀವು ಕೇಳಿದ ಹಾಗೆ ಒಣಗಿರುತ್ತೆ."